ಗುಂಡಿಗೆ ಬಿದ್ದದ್ದು ನಾನೋ, ನನ್ನ ಟಿವಿಯೋ?

ಹೋದ ತಿಂಗಳು ಹಳೆಯ ಪ್ಲಾಟ್‌ಫಾರ್ಮ್ ಗೇಮ್‌ಗಳ, ಅಂದರೆ ಓಡುತ್ತಾ ಹಾರುತ್ತಾ ಗುಂಡಿ ದಾಟುವ ಆಟಗಳ, ಒಂದು ಕಲೆಕ್ಷನ್ ಕೊಂಡೆ. ಯಾವ ಕಂಪನಿಯದು ಅಂತ ಹೇಳುವುದಿಲ್ಲ. ಬೈಯೋಣ ಅಂತ ಹೊರಟು, ಅರ್ಧ ತಪ್ಪು ನಮ್ಮ ಮನೆಯದೇ ಅಂತ ಗೊತ್ತಾದ ಕಥೆ ಇದು. ಚಿಕ್ಕವನಿದ್ದಾಗ ಕಣ್ಣು ಮುಚ್ಚಿಕೊಂಡು ಆಡುತ್ತಿದ್ದ ಆಟ. ಸಂಗೀತ ಶುರುವಾಯಿತು, ಮೈ ಜುಮ್ ಅಂದಿತು, ಓಡಿದೆ, ಮೊದಲನೇ ಗುಂಡಿ ಬಂತು, ಬಟನ್ ಒತ್ತಿದೆ. ಸೀದಾ ಗುಂಡಿಯೊಳಗೆ. ಇನ್ನೊಮ್ಮೆ ಒತ್ತಿದೆ, ಇನ್ನೊಮ್ಮೆ ಬಿದ್ದೆ. ಮೂರು ನಿಮಿಷಕ್ಕೆ ಮೂರು ಲೈಫ್ ಖಾಲಿ.

ಪಕ್ಕದಲ್ಲಿ ಕೂತಿದ್ದ ಅಕ್ಕನ ಮಗಳು, ಒಂಬತ್ತು ವರ್ಷದವಳು, "ಮಾಮ, ನಿಂಗೆ ಆಡೋಕೆ ಬರಲ್ವಾ?" ಅಂದಳು.

ವಯಸ್ಸಾಯಿತು, ಕೈ ನಿಧಾನವಾಗಿದೆ ಅಂತ ಮೊದಲು ಅಂದುಕೊಂಡೆ. ಆದರೆ ಯಾಕೋ ಮನಸ್ಸು ಒಪ್ಪಲಿಲ್ಲ. ಹೆಬ್ಬೆರಳು ಸರಿಯಾದ ಹೊತ್ತಿಗೇ ಒತ್ತುತ್ತಿದೆ, ಪರದೆಯ ಮೇಲಿನ ಮನುಷ್ಯ ಮಾತ್ರ ಯೋಚನೆ ಮಾಡಿ ಹಾರುತ್ತಿದ್ದಾನೆ ಅನಿಸುತ್ತಿತ್ತು. ಹಾಗಾಗಿ ಅಳೆದೇ ಬಿಡೋಣ ಅಂತ ಮೊಬೈಲಿನ ಸ್ಲೋ ಮೋಷನ್ ಆನ್ ಮಾಡಿದೆ. ಸೆಕೆಂಡಿಗೆ 240 ಫ್ರೇಮ್, ಅಂದರೆ 240 ಬಿಡಿ ಚಿತ್ರ, ತೆಗೆಯುತ್ತದೆ. ಕಂಟ್ರೋಲರ್ ಮತ್ತು ಟಿವಿ ಎರಡೂ ಒಟ್ಟಿಗೆ ಕಾಣುವಂತೆ ಮೊಬೈಲನ್ನು ಪುಸ್ತಕಗಳ ಅಟ್ಟಿಯ ಮೇಲೆ ಇಟ್ಟು, ಸುಮ್ನೆ ನಿಂತಲ್ಲೇ ಹತ್ತು ಸಲ ಹಾರಿದೆ. ಆಮೇಲೆ ವಿಡಿಯೋವನ್ನು ಒಂದೊಂದೇ ಫ್ರೇಮ್ ಮುಂದೆ ತಳ್ಳುತ್ತಾ ಎಣಿಸಿದೆ. ಬಟನ್ ತಳ ಮುಟ್ಟಿದ ಫ್ರೇಮಿನಿಂದ ಕಾಲು ನೆಲ ಬಿಟ್ಟ ಫ್ರೇಮಿನವರೆಗೆ ಹೆಚ್ಚುಕಮ್ಮಿ 28. ಅಂದರೆ ಸುಮಾರು 117 ಮಿಲಿಸೆಕೆಂಡ್. ಗೇಮಿನ ಲೆಕ್ಕದಲ್ಲಿ, ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ, ಪೂರ್ತಿ ಏಳು ಫ್ರೇಮ್ ತಡ.

ಏಳು ಫ್ರೇಮ್ ಏನು ಮಹಾ ಅನಿಸಬಹುದು. ಎಲ್ಲರಿಗೂ ಗೊತ್ತಿರುವ ಮಾರಿಯೋವನ್ನೇ ತೆಗೆದುಕೊಳ್ಳಿ, 1985ರ ಮೊದಲ ಸೂಪರ್ ಮಾರಿಯೋ ಬ್ರೋಸ್. ಅದರಲ್ಲಿ ಮಾರಿಯೋ ಜೋರಾಗಿ ಓಡುವಾಗ ಒಂದು ಫ್ರೇಮಿಗೆ ಎರಡೂವರೆ ಪಿಕ್ಸೆಲ್ ಮುಂದೆ ಹೋಗುತ್ತಾನೆ. ಏಳು ಫ್ರೇಮಿಗೆ ಹದಿನೇಳೂವರೆ ಪಿಕ್ಸೆಲ್. ಅಲ್ಲಿ ಒಂದು ಇಟ್ಟಿಗೆಯ ಅಗಲ 16 ಪಿಕ್ಸೆಲ್. ನಾನು ಗುಂಡಿಯ ಅಂಚಿನಲ್ಲಿ ಬಟನ್ ಒತ್ತಿದರೆ ಮಾರಿಯೋಗೆ ಆ ಸುದ್ದಿ ಮುಟ್ಟುವ ಹೊತ್ತಿಗೆ ಅವನು ಒಂದು ಇಟ್ಟಿಗೆಯಷ್ಟು ದೂರ, ಗಾಳಿಯಲ್ಲಿ. ಬೀಳದೆ ಇನ್ನೇನು ಮಾಡುತ್ತಾನೆ ಪಾಪ.

ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಎಲ್ಲೋ ಒಳಗೆ 'ಗೇಮ್ ಮೋಡ್' ಅಂತ ಒಂದಿತ್ತು. ಆನ್ ಮಾಡಿ ಮತ್ತೆ ಅಳೆದೆ. 28 ಇದ್ದದ್ದು 16ಕ್ಕೆ ಇಳಿಯಿತು. ಅಂದರೆ ಏಳರಲ್ಲಿ ಮೂರು ಫ್ರೇಮ್ ಟಿವಿಯದೇ ಕೈವಾಡ! ಉಳಿದ ನಾಲ್ಕರಲ್ಲಿ ಕಂಟ್ರೋಲರಿನ ಪಾಲು ಸ್ವಲ್ಪ, ಆಟದ್ದೇ ಸ್ವಲ್ಪ, ಮಿಕ್ಕಿದ್ದು ಆ ಕಲೆಕ್ಷನ್ ಮಾಡಿದವರದು.

ಹಳೆಯ ಡಬ್ಬಾ ಟಿವಿಯಲ್ಲಿ ಈ ತೊಂದರೆ ಯಾಕೆ ಇರಲಿಲ್ಲ ಅಂದರೆ, ಅದಕ್ಕೆ ತಲೆ ಓಡಿಸುವ ಅಭ್ಯಾಸವೇ ಇರಲಿಲ್ಲ. ಆ ಕಾಲದ ನಿಂಟೆಂಡೋ ಕನ್ಸೋಲಿನಲ್ಲಿ (ಮಾರಿಯೋ ಮಾಡಿದ ಕಂಪನಿಯವರದೇ ಗೇಮ್ ಪೆಟ್ಟಿಗೆ) ಒಂದು ಪೂರ್ತಿ ಚಿತ್ರವನ್ನು ಹಿಡಿದಿಡುವಷ್ಟು ಮೆಮೊರಿ ಇರಲಿಲ್ಲ. ಒಂದೊಂದೇ ಗೆರೆಯನ್ನು ಆ ಕ್ಷಣಕ್ಕೆ ಲೆಕ್ಕ ಹಾಕಿ ಹೊರಗೆ ಕಳಿಸುತ್ತಿತ್ತು, ಟಿವಿ ಬಂದ ಗೆರೆಯನ್ನು ಬಂದ ಹಾಗೇ ಗಾಜಿನ ಮೇಲೆ ಗೀಚುತ್ತಿತ್ತು. ಈಗಿನ ಟಿವಿ ಹಾಗಲ್ಲ. ಚಿತ್ರ ಪೂರ್ತಿ ಬರಲಿ ಅಂತ ಕಾಯುತ್ತದೆ, ದೊಡ್ಡದು ಮಾಡುತ್ತದೆ, ಚೂಪು ಮಾಡುತ್ತದೆ, ಬಣ್ಣ ತಿದ್ದುತ್ತದೆ, ಎರಡು ಚಿತ್ರಗಳ ನಡುವೆ ತಾನೇ ಒಂದು ಚಿತ್ರ ಹುಟ್ಟಿಸುತ್ತದೆ. ಮದುವೆ ವಿಡಿಯೋ ನೋಡಲು ಚೆನ್ನಾಗಿರುತ್ತದೆ, ಗುಂಡಿ ಹಾರಲು ಅಲ್ಲ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಹಳೆಯ ಗೇಮ್ ಮತ್ತೆ ಬಿಡುಗಡೆಯಾದಾಗಲೆಲ್ಲ ಜನ ಮೊದಲು ಮಾತಾಡುವುದು ಗ್ರಾಫಿಕ್ಸ್ ಬಗ್ಗೆ. ಪಿಕ್ಸೆಲ್ ಹಾಗೇ ಇದೆಯಾ, ಹೊಸದಾಗಿ ಬಿಡಿಸಿದ್ದಾರಾ, ಮೆನು ಚೆನ್ನಾಗಿದೆಯಾ. ನನ್ನ ಕೇಳಿದರೆ ಪ್ಲಾಟ್‌ಫಾರ್ಮ್ ಗೇಮ್ ಅಂದರೆ ಚಿತ್ರ ಅಲ್ಲ, ಜಿಗಿತ. ಆ ಜಿಗಿತ ಮೊದಲಿನ ಹಾಗೇ ಕೈಗೆ ಸಿಕ್ಕಿದರೆ ಗೇಮ್ ವಾಪಸ್ ಬಂದ ಹಾಗೆ. ಸಿಗದಿದ್ದರೆ ಬಂದಿರುವುದು ಅದರ ಫೋಟೋ.

ಮಾರಿಯೋ ಹಾರುವುದನ್ನೇ ಸ್ವಲ್ಪ ಹತ್ತಿರದಿಂದ ನೋಡಿ. ಬಟನ್ ಒತ್ತಿ ಹಿಡಿದಷ್ಟು ಹೊತ್ತು ಗುರುತ್ವ ಕಡಿಮೆ ಇರುತ್ತದೆ, ಬಿಟ್ಟ ತಕ್ಷಣ ಜಾಸ್ತಿಯಾಗುತ್ತದೆ. ಹಾಗಾಗಿ ಲಘುವಾಗಿ ತಟ್ಟಿದರೆ ಪುಟ್ಟ ಜಿಗಿತ, ಒತ್ತಿ ಹಿಡಿದರೆ ಎತ್ತರದ ಜಿಗಿತ. ಓಡಿಕೊಂಡು ಬಂದು ಹಾರಿದರೆ ಇನ್ನೂ ಎತ್ತರ. ಗಾಳಿಯಲ್ಲಿದ್ದಾಗ ಹಿಂದಕ್ಕೆ ಒತ್ತಿದರೆ ಸ್ವಲ್ಪ ಎಳೆಯುತ್ತದೆ, ಆದರೆ ಪೂರ್ತಿ ಮಾತು ಕೇಳುವುದಿಲ್ಲ. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ, ಅಲ್ವಾ? ಬಿದ್ದು ಬಿದ್ದು ಕಲಿತದ್ದು. ಈ ಇಡೀ ಆಟ, ಅದರ ಚಿತ್ರ, ಸಂಗೀತ, ಎಂಟು ಲೋಕ, ಎಲ್ಲ ಸೇರಿ 40 ಕೆಬಿ. ನಿಮ್ಮ ಫೋನಿನ ಎರಡು ಎಂಬಿಯ ಒಂದು ಫೋಟೋದ ಜಾಗದಲ್ಲಿ ಇಂಥ ಐವತ್ತು ಮಾರಿಯೋ ಕೂರುತ್ತವೆ.

ಈ ಜಿಗಿತಕ್ಕೆ ಕೈ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನಿಂಟೆಂಡೋದವರದೇ ಉದಾಹರಣೆ ಇದೆ. 1993ರಲ್ಲಿ ಅವರ ಮುಂದಿನ ಕನ್ಸೋಲ್ ಸೂಪರ್ ನಿಂಟೆಂಡೋಗೆ ಸೂಪರ್ ಮಾರಿಯೋ ಆಲ್‌ಸ್ಟಾರ್ಸ್ ಬಂತು. ಹಳೆಯ ಮಾರಿಯೋಗಳನ್ನು ಹೊಸ ಬಣ್ಣ, ಹೊಸ ಹಿನ್ನೆಲೆ ಹಾಕಿ ಮತ್ತೆ ಮಾಡಿದ್ದು. ನೋಡಲು ಎಷ್ಟು ಚಂದ! ಆದರೆ ಮೂಲ ಆಟದಲ್ಲಿ ಮಾರಿಯೋ ತಲೆಯಿಂದ ಇಟ್ಟಿಗೆ ಒಡೆದರೆ ಪೆಟ್ಟು ತಿಂದವನ ಹಾಗೆ ಕೆಳಗೆ ಬರುತ್ತಾನೆ. ಆಲ್‌ಸ್ಟಾರ್ಸ್‌ನಲ್ಲಿ ಇಟ್ಟಿಗೆ ಒಡೆದ ಮೇಲೂ ಮೇಲಕ್ಕೇ ಹೋಗುತ್ತಾನೆ. ಇಷ್ಟೇ ವ್ಯತ್ಯಾಸ. ಆದರೆ ಮೂಲವನ್ನು ಸಾವಿರ ಸಲ ಆಡಿದವನಿಗೆ ಇದು ಕತ್ತಲೆಯಲ್ಲಿ ಇನ್ನೊಂದು ಮೆಟ್ಟಿಲಿದೆ ಅಂತ ಕಾಲಿಟ್ಟ ಹಾಗೆ.

2017ರಲ್ಲಿ ಕ್ರ್ಯಾಶ್ ಬ್ಯಾಂಡಿಕೂಟ್‌ನ ಮೊದಲ ಮೂರು ಆಟಗಳನ್ನು ಹೊಸದಾಗಿ ಕಟ್ಟಿ ತಂದಾಗಲೂ ಇದೇ ಗಲಾಟೆ. ಹೊಸ ಆವೃತ್ತಿಯಲ್ಲಿ ಆಟದ ನಾಯಕ ಕ್ರ್ಯಾಶ್‌ನ ಡಿಕ್ಕಿ ಲೆಕ್ಕ ಹಾಕುವ ಆಕಾರ ಮಾತ್ರೆಯ ಹಾಗೆ ಕೆಳಗೆ ದುಂಡಗಿತ್ತು. ಹಾಗಾಗಿ ಅಂಚಿನಲ್ಲಿ ಕಾಲಿಟ್ಟರೆ ನಿಲ್ಲುವುದಿಲ್ಲ, ಜಾರುತ್ತಾನೆ. ಜೊತೆಗೆ ಹಾರಿದ ಮೇಲೆ ಬೀಳುವುದೂ ಮೊದಲಿಗಿಂತ ಬೇಗ. ಜನ ಕಂಡುಹಿಡಿದು ಕೂಗಾಡಿದರು, ಮಾಡಿದ ತಂಡವೂ ವ್ಯತ್ಯಾಸ ಇರುವುದು ನಿಜ ಅಂತ ಒಪ್ಪಿಕೊಂಡಿತು. ಕಷ್ಟ ಏನೆಂದರೆ ಲೆವೆಲ್‌ಗಳು ಮಾತ್ರ ಹಳೆಯ ಅಳತೆಯವೇ. ಹಳೇ ಬಾಗಿಲಿಗೆ ಹೊಸ ಬೀಗ ಹಾಕಿದ ಹಾಗೆ. ಹಳೆಯ ಜಿಗಿತಕ್ಕೆ ಅಳೆದು ಇಟ್ಟ ಸೇತುವೆಗಳ ಮೇಲೆ ಹೊಸ ಜಿಗಿತ ಹಾರಬೇಕು.

ಹಾಗಂತ ತಡವಾಗಿ ಹಾರುವ ಆಟವೆಲ್ಲ ಕೆಟ್ಟದ್ದು ಅಂತ ಅಲ್ಲ. ಪ್ರಿನ್ಸ್ ಆಫ್ ಪರ್ಷಿಯಾ ನೆನಪಿದೆಯಲ್ಲ? ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದರ ಮೇಲೆ ಒಂದೊಂದೇ ಚಿತ್ರ ಬಿಡಿಸಿ ಮಾಡಿದ ರಾಜಕುಮಾರ ಅವನು. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು. ಆ ರಾಜಕುಮಾರನಿಗೆ ಮೈ ಭಾರ ಇದೆ. ಓಡುವವನು ತಕ್ಷಣ ನಿಲ್ಲುವುದಿಲ್ಲ, ಹಾರು ಅಂದರೆ ಹೆಜ್ಜೆ ಮುಗಿಸಿ ಹಾರುತ್ತಾನೆ. ಅಂಚಿಗೆ ಬಂದ ಮೇಲೆ ಒತ್ತಿದರೆ ಕಥೆ ಮುಗಿಯಿತು, ಒಂದು ಹೆಜ್ಜೆ ಮೊದಲೇ ಒತ್ತಬೇಕು. ಆ ತಡವೇ ಆ ಆಟದ ಹೆದರಿಕೆ. ಕೆಳಗೆ ಮುಳ್ಳುಗಳು ಕಾಯುತ್ತಿರುತ್ತವೆ, ನೀವು ಮೆಲ್ಲಗೆ ಒಂದೊಂದೇ ಹೆಜ್ಜೆ ಇಟ್ಟು ಅಂಚಿಗೆ ಹೋಗಿ ನಿಲ್ಲುತ್ತೀರಿ. ಯಾರಾದರೂ ಪುಣ್ಯಾತ್ಮರು "ಕಂಟ್ರೋಲ್ ಸುಧಾರಿಸಿದ್ದೇವೆ" ಅಂತ ರಾಜಕುಮಾರನನ್ನು ಮಾರಿಯೋ ಹಾಗೆ ಪುಟಿಯುವಂತೆ ಮಾಡಿದರೆ ಅಷ್ಟೂ ಹೋಯಿತು.

ಅಂದಹಾಗೆ ಆ ಆಟದ ಮೂಲ ಕೋಡ್ ಕಳೆದೇ ಹೋಗಿತ್ತು. 2012ರಲ್ಲಿ ಮೆಕ್ನರ್ ಅವರ ಅಪ್ಪ ಮನೆಯಲ್ಲಿದ್ದ ಹಳೆಯ ಪೆಟ್ಟಿಗೆಯೊಂದನ್ನು ಮಗನಿಗೆ ಕಳಿಸಿದರು, ಅದರಲ್ಲಿ ಫ್ಲಾಪಿಗಳು ಸಿಕ್ಕವು. ಹಳೆಯ ಡಿಸ್ಕ್ ಓದುವುದು ಗೊತ್ತಿದ್ದವರನ್ನು ಕರೆಸಿ, ಫ್ಲಾಪಿಯಿಂದ ಕೋಡ್ ಹೊರತೆಗೆದು, ಎಲ್ಲರೂ ನೋಡಲಿ ಅಂತ ಇಂಟರ್‌ನೆಟ್‌ನಲ್ಲಿ ಹಾಕಿದರು. ಅಪ್ಪ ಅಮ್ಮಂದಿರು ನಮ್ಮ ಹಳೇ ಸಾಮಾನು ಎಸೆಯದೆ ಇಡುವುದರ ಬಗ್ಗೆ ನಾನು ಇನ್ನು ಮಾತಾಡುವುದಿಲ್ಲ.

ಈ ಕೋಡ್ ವಿಷಯ ಮುಖ್ಯ. ಎಷ್ಟೋ ಹಳೆಯ ಆಟಗಳ ಕೋಡ್ ಮಾಡಿದವರ ಹತ್ತಿರವೂ ಇಲ್ಲ. ಹಾಗಾಗಿ ಮರುಬಿಡುಗಡೆ ಅಂತ ನಾವು ಕೊಳ್ಳುವುದರಲ್ಲಿ ಜಾಸ್ತಿ ಎಮ್ಯುಲೇಟರ್ ಜಾತಿಯವು. ಹಳೆಯ ಕ್ಯಾಸೆಟ್ಟಿನೊಳಗಿದ್ದ ಮಾಹಿತಿಯನ್ನು ಹಾಗೇ ಇಟ್ಟು, ಹಳೆಯ ಕನ್ಸೋಲಿನ ವೇಷ ಹಾಕುವ ಒಂದು ಪ್ರೋಗ್ರಾಂ ಅದರ ಸುತ್ತ ಕಟ್ಟುತ್ತಾರೆ. ಇದರಲ್ಲಿ ತಪ್ಪೇನಿಲ್ಲ, ಚೆನ್ನಾಗಿ ಮಾಡಿದರೆ ಜಿಗಿತ ಅಚ್ಚು ಹೊಡೆದ ಹಾಗೆ ಬರುತ್ತದೆ. ಈಗ ಕೆಲವು ಎಮ್ಯುಲೇಟರ್‌ಗಳು ಒಂದು ಜಾಣತನ ಮಾಡುತ್ತವೆ. ನೀವು ಬಟನ್ ಒತ್ತಿದ ಕೂಡಲೇ ಆಟವನ್ನು ಗುಟ್ಟಾಗಿ ಒಂದೆರಡು ಫ್ರೇಮ್ ಮುಂದಕ್ಕೆ ಓಡಿಸಿ, ಆ ಮುಂದಿನ ಚಿತ್ರವನ್ನು ನಿಮಗೆ ತೋರಿಸಿ, ಏನೂ ಆಗದವರ ಹಾಗೆ ವಾಪಸ್ ಬಂದು ನಿಲ್ಲುತ್ತವೆ. ಮುಂದಿನ ಫ್ರೇಮಿನಲ್ಲಿ ಮತ್ತೆ ಅದೇ ಕೆಲಸ. ಟಿವಿ ತಿಂದ ಸಮಯವನ್ನು ಈ ಕಡೆಯಿಂದ ಕದ್ದು ಸರಿದೂಗಿಸುವುದು. ನನಗೆ ಇದು ತುಂಬ ಇಷ್ಟವಾಯಿತು, ಮೋಸವೇ ಆದರೂ.

ಸರಿಯಾಗಿ ನಡೆಸದಿದ್ದರೆ ಎಮ್ಯುಲೇಟರ್ ಕೂಡ ಕೆಡಿಸುತ್ತದೆ. 2018ರಲ್ಲಿ ಬಂದ ಪುಟಾಣಿ ಪ್ಲೇಸ್ಟೇಷನ್ ಕ್ಲಾಸಿಕ್‌ನಲ್ಲಿ 20 ಆಟ ಇದ್ದವು, ಅದರಲ್ಲಿ 9 ಯುರೋಪಿನ 50 ಹರ್ಟ್ಸ್ ಆವೃತ್ತಿಗಳು. ಆ ಕಾಲದ ಯುರೋಪಿನ ಟಿವಿಗಳು ಸೆಕೆಂಡಿಗೆ 50 ಚಿತ್ರದ ಲೆಕ್ಕದವು, ಅದಕ್ಕೆ ಅಲ್ಲಿಗೆ ಬೇರೆ ಆವೃತ್ತಿ. ಈಗ ಅದರ ಅಗತ್ಯವೇ ಇಲ್ಲ, ಆದರೂ ಅದನ್ನೇ ತಂದು ತುಂಬಿದರು, 60ರ ಬದಲು 50ರ ಲೆಕ್ಕದಲ್ಲಿ ಓಡುವ ಆಟ ಕೈಗೆ ಬಂತು.

ಒಳ್ಳೆಯದನ್ನೂ ಹೇಳಬೇಕಲ್ಲ. ಸೋನಿಕ್, ಅಂದರೆ ಸೇಗಾ ಕಂಪನಿಯ ಓಟಗಾರ ನೀಲಿ ಮುಳ್ಳುಹಂದಿ. 2006ರಲ್ಲಿ ಮೊದಲ ಸೋನಿಕ್ ಆಟವನ್ನು ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್‌ಗೆ ತಂದಿದ್ದರು, ಅದು ತೆವಳುತ್ತಿತ್ತು. ಜಗತ್ತಿಗೆಲ್ಲ ವೇಗ ತೋರಿಸಿದ ಪ್ರಾಣಿ ತೆವಳುವುದನ್ನು ನೋಡಲಾಗುವುದಿಲ್ಲ. ಆಮೇಲೆ ಕ್ರಿಶ್ಚಿಯನ್ ವೈಟ್‌ಹೆಡ್ ಅನ್ನುವ ಒಬ್ಬ ಅಭಿಮಾನಿ, ಹಳೆಯ ಸೋನಿಕ್ ಆಟಗಳಿಗೆ ಅಂತಲೇ ತಾನೇ ಒಂದು ಎಂಜಿನ್ (ಆಟ ಓಡಿಸುವ ಪ್ರೋಗ್ರಾಂ) ಬರೆದು ಕಂಪನಿಗೆ ತೋರಿಸಿದ. ಅವರು ಕೇಸು ಹಾಕಲಿಲ್ಲ, ಕೆಲಸ ಕೊಟ್ಟರು. 2011ರಲ್ಲಿ ಸೋನಿಕ್ ಸಿಡಿ, 2013ರಲ್ಲಿ ಮೊಬೈಲಿಗೆ ಸೋನಿಕ್ 1 ಮತ್ತು 2. ಅಗಲವಾದ ಪರದೆ ತುಂಬುತ್ತದೆ, ಆದರೆ ಚಿತ್ರ ಹಿಗ್ಗಿಸಿದ್ದಲ್ಲ, ನಿಜವಾಗಿಯೂ ಎಡಬಲಕ್ಕೆ ಜಾಸ್ತಿ ಕಾಣುತ್ತದೆ. ಸೋನಿಕ್ ಓಡುವ ರೀತಿ, ಇಳಿಜಾರಿನಲ್ಲಿ ಉರುಳಿ ವೇಗ ಹಿಡಿಯುವ ರೀತಿ, ಎಲ್ಲ ಮೊದಲಿನ ಹಾಗೇ. ಮೂಲದಲ್ಲಿ ಕೈಬಿಟ್ಟಿದ್ದ ಒಂದು ಲೆವೆಲನ್ನೂ ಸೋನಿಕ್ 2ಕ್ಕೆ ಸೇರಿಸಿದರು. ಅದೇ ಜನ ಮುಂದೆ 2017ರಲ್ಲಿ ಸೋನಿಕ್ ಮೇನಿಯಾ ಮಾಡಿದರು. ಆಟವನ್ನು ಆಡಿ ಬೆಳೆದವನ ಕೈಗೆ ಕೊಟ್ಟರೆ ಹೀಗಾಗುತ್ತದೆ.

ಪ್ಲಾಟ್‌ಫಾರ್ಮ್ ಗೇಮ್ ಅಂದರೆ ಚಿತ್ರ ಅಲ್ಲ ಅಂತ ಮೇಲೆ ಹೇಳಿದೆ, ಸ್ವಲ್ಪ ಸುಳ್ಳು. ಸೋನಿಕ್‌ನ ಮೊದಲ ಲೆವೆಲ್ಲಿನ ಜಲಪಾತ ನೋಡಿದ್ದೀರಾ? ಈಗಿನ ಪರದೆಯಲ್ಲಿ ಅದು ನೀರೇ ಅಲ್ಲ, ಚಾಪೆಯ ಹಾಗೆ ಉದ್ದುದ್ದ ಪಟ್ಟಿಗಳು. ಆಗಿನ ಸೇಗಾ ಕನ್ಸೋಲ್ ಮೆಗಾಡ್ರೈವ್‌ಗೆ ಆರಪಾರ ಕಾಣುವ ಬಣ್ಣ ತೋರಿಸುವುದು ಸುಲಭ ಇರಲಿಲ್ಲ. ಹಾಗಾಗಿ ಒಂದು ಸಾಲು ನೀರು, ಒಂದು ಸಾಲು ಖಾಲಿ ಅಂತ ಬಿಡಿಸಿಬಿಟ್ಟರು. ಆಗಿನ ವಿಡಿಯೋ ಕೇಬಲ್ ಅಕ್ಕಪಕ್ಕದ ಬಣ್ಣಗಳನ್ನು ಕಲಸಿಬಿಡುತ್ತಿತ್ತು, ಆ ಕಲಸುವಿಕೆಯಲ್ಲಿ ಪಟ್ಟಿಗಳು ಕರಗಿ ತೆಳ್ಳಗಿನ ನೀರಾಗುತ್ತಿದ್ದವು. ಕೇಬಲ್ಲಿನ ದೋಷವನ್ನೇ ಕುಂಚದ ಹಾಗೆ ಬಳಸಿಕೊಂಡ ಜನ. ಈಗ ಪ್ರತಿ ಪಿಕ್ಸೆಲ್ಲೂ ಬ್ಲೇಡಿನಲ್ಲಿ ಕೊಯ್ದ ಹಾಗೆ ಕಾಣುತ್ತದೆ, ನೀರು ಮಾತ್ರ ಇಲ್ಲ. ಡಬ್ಬಾ ಟಿವಿ ಹಾಗೆ ಕಾಣಿಸುವ ಫಿಲ್ಟರ್ ಕೊಡುತ್ತಾರೆ. ಕೆಲವು ತುಂಬ ಚೆನ್ನಾಗಿವೆ, ಕೆಲವು ಪರದೆ ಮೇಲೆ ಕಪ್ಪು ಗೆರೆ ಎಳೆದು ಕೈತೊಳೆದುಕೊಳ್ಳುತ್ತವೆ. ಇನ್ನು ಚೌಕದ ಚಿತ್ರವನ್ನು ಅಗಲ ಟಿವಿಗೆ ಎಳೆದು ಮಾರಿಯೋನನ್ನು ಡೊಳ್ಳುಹೊಟ್ಟೆಯವನನ್ನಾಗಿ ಮಾಡಿ ಆಡುವವರ ಜೊತೆ ನನಗೆ ಮಾತಿಲ್ಲ.

ಇನ್ನೊಂದು, ಮಿನುಗುವುದು. ಹಳೆಯ ನಿಂಟೆಂಡೋ ಒಂದು ಗೆರೆಯಲ್ಲಿ ಎಂಟಕ್ಕಿಂತ ಜಾಸ್ತಿ ಸ್ಪ್ರೈಟ್ (ಪರದೆ ಮೇಲೆ ಓಡಾಡುವ ಪುಟ್ಟ ಚಿತ್ರ) ತೋರಿಸಲಾರದು. ಒಂಬತ್ತನೆಯದು ಮಾಯ. ಅದಕ್ಕೆ ಪ್ರೋಗ್ರಾಂ ಬರೆದವರು ಈ ಫ್ರೇಮಿಗೆ ಇವನು, ಮುಂದಿನ ಫ್ರೇಮಿಗೆ ಅವನು ಅಂತ ಸರದಿ ಹಾಕುತ್ತಿದ್ದರು, ಎಲ್ಲರೂ ಮಿಣಮಿಣ ಅನ್ನುತ್ತಿದ್ದರು. ಎಮ್ಯುಲೇಟರಿನಲ್ಲಿ ಇದನ್ನು ತೆಗೆಯಬಹುದು. ತೆಗೆಯಬೇಕಾ? ಆನ್ ಆಫ್ ಮಾಡುವ ಒಂದು ಆಯ್ಕೆ ಕೊಟ್ಟು ಸುಮ್ಮನಾಗಲಿ.

ಆಯ್ಕೆ ಅಂದಾಗ ರಿವೈಂಡ್ ನೆನಪಾಯಿತು. ಈಗಿನ ಕಲೆಕ್ಷನ್‌ಗಳಲ್ಲಿ ಒಂದು ಬಟನ್ ಹಿಡಿದರೆ ಆಟ ಹಿಂದಕ್ಕೆ ಸುತ್ತುತ್ತದೆ, ಬಿದ್ದವನು ಗುಂಡಿಯಿಂದ ಎದ್ದು ಬರುತ್ತಾನೆ. 2017ರ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್‌ನಲ್ಲಿ ನಾನು ಇದನ್ನು ಮೊದಲು ಕಂಡಾಗ ಮೂಗು ಮುರಿದಿದ್ದೆ. ಕಷ್ಟಪಡದೆ ಗೆಲ್ಲುವುದು ಯಾವ ಗೆಲುವು ಅಂತ. ಆಮೇಲೆ ಅಕ್ಕನ ಮಗಳು ಆಡುವುದನ್ನು ನೋಡಿದೆ. ಅವಳು ಗೆಲ್ಲುವುದಕ್ಕೆ ರಿವೈಂಡ್ ಬಳಸುವುದಿಲ್ಲ. ಒಂದೇ ಗುಂಡಿಯನ್ನು ಹನ್ನೆರಡು ಸಲ ಹಾರುತ್ತಾಳೆ. ದಾಟಿದ ಮೇಲೂ ಹಿಂದೆ ಸುತ್ತಿ, ಈ ಸಲ ಇನ್ನೂ ಸ್ವಲ್ಪ ಬೇಗ ಒತ್ತಿದರೆ ಏನಾಗುತ್ತದೆ ಅಂತ ನೋಡುತ್ತಾಳೆ. ನಾನು ಆ ವಯಸ್ಸಿನಲ್ಲಿ ಇಡೀ ಲೆವೆಲ್ ಮತ್ತೆ ಆಡಿ ಆ ಗುಂಡಿಗೆ ಬರುತ್ತಿದ್ದೆ. ಬಂದು ಮಾಡುತ್ತಿದ್ದದ್ದು ಅದನ್ನೇ.

ನಿಜವಾಗಿ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಕೆಟ್ಟದಾಗಿ ಮಾಡಲಿ, ಪರವಾಗಿಲ್ಲ, ಮುಂದಿನ ಸಲ ಸರಿ ಮಾಡಬಹುದು. ಆದರೆ ಹೊಸದು ಮಾರುವುದಕ್ಕೆ ಅಂತ ಹಳೆಯದನ್ನು ಅಂಗಡಿಯಿಂದ ತೆಗೆಯುತ್ತಾರಲ್ಲ? 2022ರ ಜೂನ್‌ನಲ್ಲಿ ಸೋನಿಕ್ ಒರಿಜಿನ್ಸ್ ಬಂತು. ಅದಕ್ಕೆ ಒಂದು ತಿಂಗಳು ಮೊದಲೇ ಹಳೆಯ ಸೋನಿಕ್ ಆಟಗಳ ಬಿಡಿ ಮಾರಾಟವನ್ನು ಹೆಚ್ಚಿನ ಆನ್‌ಲೈನ್ ಸ್ಟೋರ್‌ಗಳಲ್ಲಿ ನಿಲ್ಲಿಸಿದರು. ಹೊಸದರಲ್ಲಿ ಸೋನಿಕ್ 3ರ ಕೆಲವು ಹಾಡುಗಳೇ ಬೇರೆ. 2020ರ ಸೂಪರ್ ಮಾರಿಯೋ 3ಡಿ ಆಲ್‌ಸ್ಟಾರ್ಸ್ ಇನ್ನೂ ವಿಚಿತ್ರ, ಅದನ್ನು ಸೆಪ್ಟೆಂಬರ್ 18ಕ್ಕೆ ತಂದು ಮುಂದಿನ ಮಾರ್ಚ್ 31ಕ್ಕೆ ಮಾರುವುದನ್ನೇ ನಿಲ್ಲಿಸಿದರು. ಆನ್‌ಲೈನ್‌ನಲ್ಲೂ ಮಾರುವ ವಸ್ತು, ಅಲ್ಲಿ ಗೋದಾಮಿನ ಜಾಗ ತಿನ್ನುವುದಿಲ್ಲ, ಕೊಳೆಯುವುದೂ ಇಲ್ಲ. ಆದರೂ ಕಾಲಾವಧಿ. ನಿಂಟೆಂಡೋದ ವೀ ಕನ್ಸೋಲಿನ ಆನ್‌ಲೈನ್ ಅಂಗಡಿ 2019ರ ಜನವರಿಯಲ್ಲಿ ಮುಚ್ಚಿತು, 3ಡಿಎಸ್ ಮತ್ತು ವೀ ಯು ಅಂಗಡಿಗಳು 2023ರ ಮಾರ್ಚ್‌ನಲ್ಲಿ. ಅದೇ ಹಳೆಯ ಆಟಗಳನ್ನು ಕೆಲವರು ಮೂರು ಸಲ ಕೊಂಡಿದ್ದಾರೆ, ಈಗ ತಿಂಗಳ ಬಾಡಿಗೆಗೆ ಆಡುತ್ತಿದ್ದಾರೆ. ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನವರು 2023ರಲ್ಲಿ ಲೆಕ್ಕ ಹಾಕಿದರು. 2010ಕ್ಕೆ ಮೊದಲು ಅಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಆಗಲೇ ಕೊಳ್ಳಲು ಸಿಗುತ್ತಿರಲಿಲ್ಲವಂತೆ. ಹೆಸರು ಮಾಡಿದ ಮಾರಿಯೋ, ಸೋನಿಕ್ ಬಿಡಿ, ಅವು ಹೇಗೋ ಬದುಕುತ್ತವೆ. ಉಳಿದವುಗಳ ಜಿಗಿತ ಹೇಗಿತ್ತು ಅಂತ ಇನ್ನು ಸ್ವಲ್ಪ ವರ್ಷಕ್ಕೆ ಯಾರ ಹೆಬ್ಬೆರಳಿಗೂ ನೆನಪಿರುವುದಿಲ್ಲ.

ನನ್ನ ಕಲೆಕ್ಷನ್ ವಿಷಯಕ್ಕೆ ಬಂದರೆ, ಟಿವಿ ಗೇಮ್ ಮೋಡ್‌ನಲ್ಲಿದೆ, ಕಂಟ್ರೋಲರಿಗೆ ವೈರ್ ಹಾಕಿದ್ದೇನೆ. ಕಳೆದ ವಾರ ಕಂಪನಿ ಒಂದು ಅಪ್‌ಡೇಟ್ ಬಿಟ್ಟಿತು, ಮತ್ತೆ ಮೊಬೈಲ್ ಇಟ್ಟು ಎಣಿಸಿದೆ, ಈಗ 13. ನಾನು ಮೊದಲನೇ ಗುಂಡಿ ದಾಟಿದೆ, ಎರಡನೆಯದನ್ನೂ ದಾಟಿದೆ, ಮೂರನೇ ಲೆವೆಲ್ಲಿನ ಕೊನೆಯಲ್ಲಿರುವ ತೇಲುವ ಹಲಗೆಯ ಮೇಲಿಂದ ಬಿದ್ದೆ. ಇದಕ್ಕೆ ಟಿವಿಯನ್ನು ಬೈಯಲು ದಾರಿಯಿಲ್ಲ. ಅಲ್ಲಿ ಚಿಕ್ಕಂದಿನಲ್ಲೂ ಬೀಳುತ್ತಿದ್ದೆ. "ಕೊಡು ಮಾಮ, ನಾನು ತೋರಿಸ್ತೀನಿ" ಅಂತ ಅವಳು ಕಂಟ್ರೋಲರ್ ಕಿತ್ತುಕೊಂಡಳು. ಅವಳೂ ಬಿದ್ದಳು. ಒಂದು ಕೈಯಲ್ಲಿ ರಿವೈಂಡ್ ಒತ್ತಿ ಹಿಡಿದು, "ಮೊಬೈಲ್ ಇಡು, ಎಣಿಸೋಣ" ಅಂದಳು.